ಓಟದ ಚರಿತ್ರೆಯಲ್ಲಿ ಬರಿಗಾಲು: ಒಂದು ಚಿಕಿತ್ಸಾವಾದದ ಪರಿಶೀಲನೆ

೧

ಕ್ರಿ. ಶ. ೧೯೦೯ನೆಯ ಅಕ್ಟೋಬರ್ ತಿಂಗಳಲ್ಲಿ ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ರಾಕ್‌ಫೆಲರ್ ನೈರ್ಮಲ್ಯ ಮಂಡಲಿ ಎಂಬ ಸಂಸ್ಥೆಯು ಹತ್ತು ಲಕ್ಷ ಡಾಲರುಗಳ ದತ್ತಿಯೊಡನೆ ಸ್ಥಾಪಿತವಾಯಿತು. ಆ ದೇಶದ ದಕ್ಷಿಣ ಪ್ರಾಂತಗಳಲ್ಲಿ ಬಡ ರೈತರನ್ನೂ ಅವರ ಮಕ್ಕಳನ್ನೂ ಹಣ್ಣುಮಾಡಿದ್ದ ಕೊಕ್ಕೆಹುಳುವಿನ ರೋಗವನ್ನು ನಿರ್ಮೂಲಗೊಳಿಸುವುದು ಅದರ ಉದ್ದೇಶ. ಈ ಹುಳುವಿನ ಮರಿಯು ಮಲಿನವಾದ ಮಣ್ಣಿನಲ್ಲಿದ್ದು, ಹೆಚ್ಚಾಗಿ ಪಾದದ ಚರ್ಮವನ್ನು ಭೇದಿಸಿ ದೇಹವನ್ನು ಸೇರುತ್ತದೆ. ಆದುದರಿಂದ ಮಂಡಲಿಯ ವೈದ್ಯರು ಔಷಧವನ್ನು ಕೊಟ್ಟುದಲ್ಲದೆ, ಶೌಚಗೃಹಗಳನ್ನು ಕಟ್ಟಿಕೊಳ್ಳಿರಿ, ಪಾದರಕ್ಷೆಯನ್ನು ಧರಿಸಿರಿ ಎಂದು ಊರೂರಿನಲ್ಲಿ ಬೋಧಿಸಿದರು. ಬರಿಗಾಲೆಂಬುದು ಆಗ ಬಡತನದ ಗುರುತು. ರೋಗವು ಒಳಹೊಗುವ ಬಾಗಿಲು.

ಇದಾದ ನೂರು ವರ್ಷಗಳಿಗೆ, ೨೦೦೯ರಲ್ಲಿ, ಅದೇ ದೇಶದಲ್ಲಿ ಕ್ರಿಸ್ಟೋಫರ್ ಮೆಕ್‌ಡೂಗಲ್ ಎಂಬ ಪತ್ರಿಕಾ ಲೇಖಕರು 'ಬಾರ್ನ್ ಟು ರನ್' ಎಂಬ ಗ್ರಂಥವನ್ನು ಪ್ರಕಟಿಸಿದರು. ಪಾದದ ನೋವು ಮೊದಲಾದ ಪೆಟ್ಟುಗಳಿಂದ ಓಟವನ್ನೇ ಬಿಡಬೇಕಾಗಿ ಬಂದಿದ್ದ ಒಬ್ಬ ಮಧ್ಯವಯಸ್ಕನು ಮರಳಿ ಓಟಗಾರನಾದ ಕಥೆ ಅದು. ಬೆಲೆಯುಳ್ಳ ಮೆತ್ತನೆಯ ಪಾದರಕ್ಷೆಗಳೇ ಓಟಗಾರರ ನೋವಿಗೆ ಕಾರಣವೆಂದೂ, ಪಾದವನ್ನು ಅದರ ಸಹಜಸ್ಥಿತಿಗೆ ಬಿಟ್ಟುಕೊಟ್ಟರೆ ಅದು ತನ್ನನ್ನು ತಾನೇ ಕಾಪಾಡಿಕೊಳ್ಳುವುದೆಂದೂ ಅದರಲ್ಲಿ ವಾದಿಸಲಾಗಿತ್ತು. ಲಕ್ಷಾಂತರ ಜನ ಆ ಗ್ರಂಥವನ್ನು ಓದಿದರು. ಮಂಡಿ ನೊಂದವರು, ಹಿಮ್ಮಡಿ ನೊಂದವರು, ವರ್ಷಗಟ್ಟಲೆ ವೈದ್ಯರ ಬಾಗಿಲಲ್ಲಿ ನಿಂದವರು ಪಾದರಕ್ಷೆಯನ್ನು ಕಳಚಿ ಬೀದಿಗಿಳಿದರು. ಒಂದು ಶತಮಾನದ ಹಿಂದೆ ರೋಗದ ಬಾಗಿಲೆನಿಸಿದ್ದ ಬರಿಗಾಲು ಈಗ ರೋಗಕ್ಕೆ ಮದ್ದೆನಿಸಿತು.

ಒಂದೇ ಅಂಗಾಲು, ಒಂದೇ ನೆಲ. ಅರ್ಥ ಮಾತ್ರ ತಲೆಕೆಳಗಾಯಿತು. ಇದು ಹೇಗೆ ಸಂಭವಿಸಿತು? ಬರಿಗಾಲಿನಿಂದ ಓಟಕ್ಕೆ ಮರಳಿದೆವೆಂದು ಹೇಳುವವರ ಮಾತಿನಲ್ಲಿ ಚರಿತ್ರಕಾರನು ನಂಬತಕ್ಕ ಅಂಶವೆಷ್ಟು? ಈ ಎರಡು ಪ್ರಶ್ನೆಗಳನ್ನು ಪರಿಶೀಲಿಸುವುದೇ ಪ್ರಸ್ತುತ ಲೇಖನದ ಉದ್ದೇಶ. ಓಟದ ಚರಿತ್ರೆಯಲ್ಲಿ ಬರಿಗಾಲು ಮೂರು ಬೇರೆಬೇರೆ ರೂಪಗಳಲ್ಲಿ ಕಾಣಿಸಿಕೊಂಡಿದೆ: ಅನಿವಾರ್ಯವಾಗಿ ಅಥವಾ ರೂಢಿಯಾಗಿ, ಬಲ್ಲವರ ಆಯ್ಕೆಯಾಗಿ, ನೊಂದವರ ಔಷಧವಾಗಿ. ಮೊದಲ ಎರಡರ ಕೀರ್ತಿಯನ್ನು ಮೂರನೆಯದಕ್ಕೆ ಪ್ರಮಾಣವಾಗಿ ತೋರಿಸುವ ವಾಡಿಕೆಯೇ ಗೊಂದಲಕ್ಕೆ ಮೂಲವೆಂಬುದು ನಮ್ಮ ಅಭಿಪ್ರಾಯ.

೨

ಬರಿಗಾಲಿನ ಓಟವೆಂದೊಡನೆ ಎಲ್ಲರಿಗೂ ನೆನಪಾಗುವ ಹೆಸರು ಇಥಿಯೋಪಿಯದ ಅಬೆಬೆ ಬಿಕಿಲನದು. ೧೯೬೦ನೆಯ ಸೆಪ್ಟೆಂಬರ್ ೧೦ರಂದು ರೋಮ್ ನಗರದ ಒಲಿಂಪಿಕ್ ಮ್ಯಾರಥಾನ್ ಓಟವನ್ನು ಆತನು ೨ ಗಂಟೆ ೧೫ ನಿಮಿಷ ೧೬.೨ ಸೆಕೆಂಡುಗಳಲ್ಲಿ ಬರಿಗಾಲಿನಲ್ಲಿ ಮುಗಿಸಿ ಮೊದಲಿಗನಾದನು. ಸಂಜೆ ಆರಂಭವಾದ ಓಟ ಕತ್ತಲಾದ ಮೇಲೆ ಕಾನ್‌ಸ್ಟಂಟೈನನ ವಿಜಯದ್ವಾರದ ಬಳಿ ಮುಗಿಯಿತು. ಕಾಲು ಶತಮಾನದ ಹಿಂದೆ, ೧೯೩೫ರಲ್ಲಿ, ಇಟಲಿಯು ಇಥಿಯೋಪಿಯದ ಮೇಲೆ ದಂಡೆತ್ತಿ ಹೋಗಿತ್ತು. ಅದೇ ಇಟಲಿಯ ರಾಜಧಾನಿಯಲ್ಲಿ ಒಬ್ಬ ಇಥಿಯೋಪಿಯದ ಸೈನಿಕನು ಬರಿಗಾಲಿನಲ್ಲಿ ಗೆದ್ದುದು ಜನರ ಕಲ್ಪನೆಯನ್ನು ಸೆರೆಹಿಡಿದುದರಲ್ಲಿ ಆಶ್ಚರ್ಯವೇನೂ ಇಲ್ಲ.

ಆದರೆ ಆ ಬರಿಗಾಲಿಗೆ ಕಾರಣ ಬಹಳ ಸಾಮಾನ್ಯವಾದುದು. ರೋಮಿನಲ್ಲಿ ದೊರೆತ ಹೊಸ ಪಾದರಕ್ಷೆ ಆತನಿಗೆ ಒಗ್ಗಲಿಲ್ಲ. ಕಾಲನ್ನು ಒತ್ತಿ ಬೊಕ್ಕೆ ಎಬ್ಬಿಸಿತು. ಸ್ವದೇಶದಲ್ಲಿ ಬರಿಗಾಲಿನಲ್ಲಿಯೂ ಅಭ್ಯಾಸ ಮಾಡಿದ್ದುದರಿಂದ, ಗುರುವಾದ ಓನ್ನಿ ನಿಸ್ಕಾನೆನರ ಸಮ್ಮತಿಯಿಂದ, ಆತನು ಪಾದರಕ್ಷೆಯಿಲ್ಲದೆಯೇ ಓಡಿದನು. ಇದರಲ್ಲಿ ಸಿದ್ಧಾಂತವಾವುದೂ ಇರಲಿಲ್ಲ. ಒದಗಿದ ತೊಡಕಿಗೆ ಅನುಭವಸ್ಥನು ಕಂಡುಕೊಂಡ ಪರಿಹಾರವಷ್ಟೇ ಇತ್ತು.

ನಮ್ಮ ವಿಷಯಕ್ಕೆ ಇದಕ್ಕಿಂತಲೂ ಮುಖ್ಯವಾದುದು ಆತನ ಮುಂದಿನ ಚರಿತ್ರೆ. ೧೯೬೪ರ ಟೋಕಿಯೋ ಒಲಿಂಪಿಕ್ಸಿಗೆ ಮೊದಲು ಬಿಕಿಲನಿಗೆ ಅಪೆಂಡಿಕ್ಸಿನ ಶಸ್ತ್ರಚಿಕಿತ್ಸೆಯಾಯಿತು. ಓಟಕ್ಕೆ ಉಳಿದಿದ್ದುದು ಆರು ವಾರಗಳಿಗಿಂತ ಕಡಿಮೆ. ಆದರೂ ಅಕ್ಟೋಬರ್ ೨೧ರಂದು ೨ ಗಂಟೆ ೧೨ ನಿಮಿಷ ೧೧.೨ ಸೆಕೆಂಡುಗಳಲ್ಲಿ ಓಡಿ ಆತನು ಮತ್ತೆ ಗೆದ್ದನು. ಒಲಿಂಪಿಕ್ ಮ್ಯಾರಥಾನನ್ನು ಎರಡು ಸಲ ಗೆದ್ದ ಮೊದಲಿಗನೆನಿಸಿದನು. ಆ ದಿನ ಆತನ ಕಾಲಲ್ಲಿ ಪಾದರಕ್ಷೆಯಿತ್ತು. ಬರಿಗಾಲಿನ ಪಂಥದವರು ತಮ್ಮ ಆದಿಪುರುಷನೆಂದು ಕರೆಯುವ ಈ ಓಟಗಾರನು, ನಿಜವಾಗಿ ದೇಹದ ಸಂಕಟವನ್ನು ದಾಟಿ ಮರಳಿ ಬಂದಾಗ ಪಾದರಕ್ಷೆಯನ್ನು ಧರಿಸಿಯೇ ಬಂದನು. ೧೯೬೮ರಲ್ಲಿ ಮೆಕ್ಸಿಕೋ ನಗರದಲ್ಲಿ ಕಾಲಿನ ಮೂಳೆಯ ಪೆಟ್ಟಿನಿಂದ ಸುಮಾರು ೧೭ ಕಿಲೋಮೀಟರುಗಳ ಬಳಿಕ ಓಟವನ್ನು ಬಿಡಬೇಕಾಯಿತು. ೧೯೬೯ರ ಮೋಟಾರು ಅಪಘಾತದಿಂದ ಕಾಲುಗಳ ಸ್ವಾಧೀನವೇ ತಪ್ಪಿತು. ಅನಂತರವೂ ಆತನು ಗಾಲಿಕುರ್ಚಿಯಲ್ಲಿ ಕುಳಿತು ಬಿಲ್ವಿದ್ಯೆಯ ಸ್ಪರ್ಧೆಗೆ ಇಳಿದನು, ೧೯೭೩ರಲ್ಲಿ ತೀರಿಕೊಂಡನು. ಸಂಕಟದಿಂದ ಮರಳುವುದೆಂದರೇನೆಂಬುದನ್ನು ಬಿಕಿಲನ ಬಾಳು ಚೆನ್ನಾಗಿ ಕಲಿಸುತ್ತದೆ. ಆದರೆ ಆ ಪಾಠಕ್ಕೂ ಬರಿಗಾಲಿಗೂ ಸಂಬಂಧವಿಲ್ಲ.

ರೂಢಿಯ ಬರಿಗಾಲಿಗೆ ನಮ್ಮ ದೇಶದಲ್ಲಿಯೂ ನಿದರ್ಶನವುಂಟು. ಅದು ಓಟದ ಪಂದ್ಯವಲ್ಲ, ಕಾಲ್ಚೆಂಡಾಟ; ಆದರೂ ಓಡುವ ಕಾಲಿಗೇ ಸಂಬಂಧಿಸಿದುದು. ೧೯೪೮ರ ಲಂಡನ್ ಒಲಿಂಪಿಕ್ಸಿನಲ್ಲಿ ಭಾರತದ ತಂಡದ ಹೆಚ್ಚಿನ ಆಟಗಾರರು ಬೂಟುಗಳಿಲ್ಲದೆ ಆಡಿ, ಫ್ರಾನ್ಸಿನೆದುರು ೧–೨ರ ಅಲ್ಪ ಅಂತರದಿಂದ ಸೋತರು. ೧೯೫೨ರಲ್ಲಿ ಹೆಲ್ಸಿಂಕಿಯ ಚಳಿಯಲ್ಲಿ ಯುಗೋಸ್ಲಾವಿಯದೆದುರು ೧–೧೦ರ ಭಾರಿ ಸೋಲಾಯಿತು. ಭಾರತದ ಪರವಾಗಿ ಬಂದ ಒಂದೇ ಗೋಲನ್ನು ಹೊಡೆದವನು ಬೆಂಗಳೂರಿನ ಅಹ್ಮದ್ ಖಾನ್. ಅದರ ತರುವಾಯ ಬೂಟು ಕಡ್ಡಾಯವಾಯಿತು. ಲಂಡನ್ನಿನಲ್ಲಿ ಮೆಚ್ಚುಗೆ ಪಡೆದ ಬರಿಗಾಲು ಹೆಲ್ಸಿಂಕಿಯಲ್ಲಿ ಅಪವಾದಕ್ಕೆ ಗುರಿಯಾಯಿತು. ರೂಢಿಯಿಂದ ಬಂದುದು ಒಂದು ನೆಲದಲ್ಲಿ, ಒಂದು ಹವೆಯಲ್ಲಿ ಸಲ್ಲುತ್ತದೆ, ಎಲ್ಲೆಡೆಯೂ ಸಲ್ಲುವುದಿಲ್ಲ.

೩

ಎರಡನೆಯ ವರ್ಗದವರು ಪಾದರಕ್ಷೆ ಕೈಗೆಟುಕುವಂತಿದ್ದರೂ ಅದನ್ನು ತಿಳಿದು ಬಿಟ್ಟವರು. ಇಂಗ್ಲೆಂಡಿನ ಬ್ರೂಸ್ ಟಲ್ಲೋ ೧೯೬೨ರಲ್ಲಿ ಬೆಲ್‌ಗ್ರೇಡಿನಲ್ಲಿ ಐರೋಪ್ಯ ಸ್ಪರ್ಧೆಯ ೫,೦೦೦ ಮೀಟರ್ ಓಟವನ್ನು ಬರಿಗಾಲಿನಲ್ಲಿ ಗೆದ್ದನು. ಅದೇ ದೇಶದ ರಾನ್ ಹಿಲ್ ೧೯೬೮ರ ಮೆಕ್ಸಿಕೋ ಒಲಿಂಪಿಕ್ಸಿನ ೧೦,೦೦೦ ಮೀಟರ್ ಓಟದಲ್ಲಿ ಬರಿಗಾಲಿನಲ್ಲಿ ಓಡಿ ಏಳನೆಯವನಾದನು. ದಕ್ಷಿಣ ಆಫ್ರಿಕದ ಜೋಲಾ ಬಡ್ ಎಂಬ ತರುಣಿ ೧೯೮೪ರ ಜನವರಿಯಲ್ಲಿ ೫,೦೦೦ ಮೀಟರುಗಳನ್ನು ೧೫ ನಿಮಿಷ ೧.೮೩ ಸೆಕೆಂಡುಗಳಲ್ಲಿ ಬರಿಗಾಲಿನಲ್ಲಿ ಓಡಿ, ಅಂದಿನವರೆಗಿನ ಮಹಿಳೆಯರ ವೇಗವನ್ನು ಮೀರಿಸಿದಳು.

ಇವರ ಲೆಕ್ಕಾಚಾರ ಸರಳವಾದುದು. ಪಾದದ ತುದಿಯ ಭಾರವನ್ನು ಪ್ರತಿಯೊಂದು ಹೆಜ್ಜೆಯಲ್ಲಿಯೂ ಎತ್ತಿ ಮುಂದಕ್ಕೆ ಎಸೆಯಬೇಕು. ಅದು ಕಡಿಮೆಯಾದಷ್ಟೂ ಶ್ರಮ ಉಳಿಯುತ್ತದೆ. ಹುಲ್ಲಿನ ನೆಲ, ಹದವಾದ ಓಟದಂಕಣ, ೧೯೬೮ರಲ್ಲಿ ಮೆಕ್ಸಿಕೋದಲ್ಲಿ ಒಲಿಂಪಿಕ್ಸಿಗೆ ಮೊದಲ ಬಾರಿ ಬಂದ ಕೃತಕ ವಸ್ತುವಿನ ಹಾಸು, ಇವುಗಳ ಮೇಲೆ ಆ ಉಳಿತಾಯವನ್ನು ಪಡೆಯುವುದು ಸಾಧ್ಯವಿತ್ತು. ಇವರೆಲ್ಲರೂ ಬಲಿಷ್ಠವಾದ ಪಾದಗಳುಳ್ಳವರು. ಜೋಲಾ ಬಡ್ ಬಾಲ್ಯದಿಂದಲೇ ಬರಿಗಾಲಿನಲ್ಲಿ ಬೆಳೆದವಳು. ಆಕೆಯೂ ಮುಂದೆ ಹೆದ್ದಾರಿಯ ದೂರದ ಓಟಗಳಿಗೆ ಪಾದರಕ್ಷೆ ಧರಿಸಿದಳು. ಇವರಲ್ಲಿ ಯಾರೂ ಚಿಕಿತ್ಸೆಗೆಂದು ಬರಿಗಾಲಾದವರಲ್ಲ. ಇವರ ವಿಜಯಗಳು ತೋರಿಸುವುದು ಇಷ್ಟೇ: ಅಭ್ಯಾಸವುಳ್ಳ ಪಾದವು ತಕ್ಕ ನೆಲದ ಮೇಲೆ ಪಾದರಕ್ಷೆಯಿಲ್ಲದೆ ವೇಗವಾಗಿ ಓಡಬಲ್ಲದು. ನೊಂದ ಪಾದವು ಹಾಗೆ ಓಡಿ ಗುಣವಾಗುವುದೆಂಬ ಮಾತು ಇದರಿಂದ ಹೊರಡುವುದಿಲ್ಲ.

೪

ಹಾಗಾದರೆ ಮೂರನೆಯ ಅರ್ಥ ಹುಟ್ಟಿದುದೆಲ್ಲಿ? ಇದನ್ನು ತಿಳಿಯಲು ಓಟಗಾರನ ಪಾದರಕ್ಷೆಯ ಚರಿತ್ರೆಯನ್ನು ಸಂಕ್ಷೇಪವಾಗಿ ನೋಡಬೇಕು. ಪಾದರಕ್ಷೆ ಬಹು ಪುರಾತನವಾದುದು. ಅಮೆರಿಕದ ಆರೆಗನ್ ಪ್ರಾಂತದ ಗುಹೆಯೊಂದರಲ್ಲಿ ದೊರೆತ ನಾರಿನ ಚಡಾವುಗಳು ಸುಮಾರು ಹತ್ತು ಸಾವಿರ ವರ್ಷಗಳ ಹಿಂದಿನವು. ಕಾಲ್ಬೆರಳ ಮೂಳೆಗಳು ತೆಳುವಾದುದನ್ನು ಆಧಾರವಾಗಿಟ್ಟುಕೊಂಡು, ಮನುಷ್ಯನು ಸುಮಾರು ನಲವತ್ತು ಸಾವಿರ ವರ್ಷಗಳ ಹಿಂದೆಯೇ ಪಾದರಕ್ಷೆಯನ್ನು ಬಳಸತೊಡಗಿದನೆಂದು ಎರಿಕ್ ಟ್ರಿಂಕಾಸ್ ಎಂಬ ವಿದ್ವಾಂಸರು ವಾದಿಸಿದ್ದಾರೆ. ಆದರೆ ಹಿಮ್ಮಡಿಯ ಕೆಳಗೆ ದಪ್ಪನಾದ ಮೆತ್ತೆಯುಳ್ಳ ಓಟದ ಪಾದರಕ್ಷೆ ಇಪ್ಪತ್ತನೆಯ ಶತಮಾನದ ಉತ್ತರಾರ್ಧದ ವಸ್ತು.

ಅದರ ಹುಟ್ಟಿಗೆ ಸಾಮಾಜಿಕ ಕಾರಣವುಂಟು. ಆರೆಗನ್ ವಿಶ್ವವಿದ್ಯಾನಿಲಯದ ಓಟದ ಗುರುಗಳಾದ ಬಿಲ್ ಬವರ್‌ಮನ್ನರು ಅರುವತ್ತರ ದಶಕದ ಆರಂಭದಲ್ಲಿ ನ್ಯೂಜಿಲೆಂಡಿಗೆ ಹೋಗಿ, ಅಲ್ಲಿ ಆರ್ಥರ್ ಲಿಡಿಯಾರ್ಡರು ಸಾಮಾನ್ಯ ಗೃಹಸ್ಥರನ್ನೂ ವೃದ್ಧರನ್ನೂ ಮೆಲ್ಲನೆ ಓಡಿಸುತ್ತಿದ್ದುದನ್ನು ಕಂಡರು. ಆ ಪದ್ಧತಿಯನ್ನು ಅಮೆರಿಕದಲ್ಲಿ ಹರಡಿದವರಲ್ಲಿ ಅವರು ಪ್ರಮುಖರು. ೧೯೬೪ರಲ್ಲಿ ಅವರೂ ಅವರ ಶಿಷ್ಯರಾದ ಫಿಲ್ ನೈಟರೂ ಸೇರಿ ಆರಂಭಿಸಿದ ಪಾದರಕ್ಷೆಯ ವ್ಯಾಪಾರವೇ ಮುಂದೆ ನೈಕಿ ಎಂಬ ಹೆಸರನ್ನು ತಾಳಿತು. ೧೯೭೨ರಲ್ಲಿ ಫ್ರಾಂಕ್ ಶಾರ್ಟರ್ ಮ್ಯೂನಿಕ್ ನಗರದ ಒಲಿಂಪಿಕ್ ಮ್ಯಾರಥಾನನ್ನು ಗೆದ್ದ ಬಳಿಕ ಓಟದ ಹವ್ಯಾಸ ಅಮೆರಿಕದಲ್ಲಿ ಪ್ರವಾಹದಂತೆ ಹರಿಯಿತು. ಕಚೇರಿಯಲ್ಲಿ ಕುಳಿತು ದುಡಿಯುವವರು, ಮೂವತ್ತು ನಲವತ್ತು ವರ್ಷಗಳವರೆಗೆ ಓಡದೇ ಇದ್ದವರು, ಗಟ್ಟಿಯಾದ ರಸ್ತೆಗಳ ಮೇಲೆ ಓಡತೊಡಗಿದರು. ಅವರ ಕಾಲಿಗೆ ಮೆತ್ತೆ ಬೇಕೆನಿಸಿತು, ಹಿಮ್ಮಡಿ ಎತ್ತರವಾಯಿತು, ಪಾದವು ಒಳಕ್ಕೆ ವಾಲದಂತೆ ತಡೆಯುವ ಅಂಗಗಳು ಅಟ್ಟೆಗೆ ಸೇರಿದುವು.

ಆದರೆ ಓಟಗಾರರ ನೋವು ಮಾತ್ರ ನಿಲ್ಲಲಿಲ್ಲ. ೨೦೦೭ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯು ಆವರೆಗಿನ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ದೂರ ಓಡುವವರಲ್ಲಿ ಕಾಲಿನ ಪೆಟ್ಟಿಗೆ ಗುರಿಯಾದವರ ಪ್ರಮಾಣವು ಒಂದು ಅಧ್ಯಯನದಲ್ಲಿ ನೂರಕ್ಕೆ ೧೯.೪ರಷ್ಟು ಕಡಿಮೆಯಾಗಿಯೂ ಮತ್ತೊಂದರಲ್ಲಿ ೭೯.೩ರಷ್ಟು ಹೆಚ್ಚಾಗಿಯೂ ಇದ್ದುದು ಕಂಡುಬಂತು. ಪೆಟ್ಟಿನ ವ್ಯಾಖ್ಯೆಯೇ ಅಧ್ಯಯನದಿಂದ ಅಧ್ಯಯನಕ್ಕೆ ಬೇರೆಯಾಗಿದ್ದುದು ಈ ಅಂತರಕ್ಕೆ ಒಂದು ಕಾರಣ. ೨೦೦೯ರಲ್ಲಿ ಆಸ್ಟ್ರೇಲಿಯದ ಸಂಶೋಧಕರು, ಎತ್ತರದ ಹಿಮ್ಮಡಿಯ ಮೆತ್ತನೆಯ ಪಾದರಕ್ಷೆಯನ್ನು ಧರಿಸಿರೆಂದು ಸಲಹೆ ಕೊಡುವುದಕ್ಕೆ ಪ್ರಯೋಗಸಿದ್ಧವಾದ ಆಧಾರವಿಲ್ಲವೆಂದು ಬರೆದರು. ಈ ಮಾತನ್ನು ನಾವು ಎಚ್ಚರದಿಂದ ಓದಬೇಕು. ಪಾದರಕ್ಷೆಯಿಂದ ರಕ್ಷಣೆಯಾಗುವುದೆಂಬುದಕ್ಕೆ ಆಧಾರವಿಲ್ಲ ಎನ್ನುವುದು ಒಂದು. ಪಾದರಕ್ಷೆಯಿಂದಲೇ ಕೇಡಾಗುತ್ತದೆ ಎನ್ನುವುದು ಮತ್ತೊಂದು. ಮೊದಲನೆಯದು ವಿದ್ವಾಂಸರ ಮಾತು. ಎರಡನೆಯದು ಅದನ್ನು ಓದಿದ ಜನ ತಾವಾಗಿ ಸೇರಿಸಿಕೊಂಡದ್ದು.

೫

ಜನರ ಈ ಸೇರ್ಪಡೆಗೆ ಎರಡು ಕಡೆಯಿಂದ ಬಲ ಬಂತು. ಒಂದು ವಿಜ್ಞಾನದ ಕಡೆಯದು. ೨೦೦೪ರಲ್ಲಿ ಡೆನಿಸ್ ಬ್ರಾಂಬಲ್ ಮತ್ತು ಡೇನಿಯಲ್ ಲೀಬರ್‌ಮನ್ ಎಂಬ ವಿದ್ವಾಂಸರು 'ನೇಚರ್' ಪತ್ರಿಕೆಯಲ್ಲಿ, ಬಹುದೂರ ಓಡುವ ಶಕ್ತಿಯು ಮನುಷ್ಯಕುಲದಲ್ಲಿ ಸುಮಾರು ಇಪ್ಪತ್ತು ಲಕ್ಷ ವರ್ಷಗಳಷ್ಟು ಹಳೆಯದಾಗಿರಬಹುದೆಂದೂ, ನಮ್ಮ ದೇಹದ ರಚನೆಯನ್ನು ಅದು ರೂಪಿಸಿರಬಹುದೆಂದೂ ಪ್ರತಿಪಾದಿಸಿದರು. ೨೦೧೦ರ ಜನವರಿಯಲ್ಲಿ ಲೀಬರ್‌ಮನ್ನರೂ ಅವರ ಸಂಗಡಿಗರೂ ಅದೇ ಪತ್ರಿಕೆಯಲ್ಲಿ ಮತ್ತೊಂದು ಪ್ರಬಂಧವನ್ನು ಪ್ರಕಟಿಸಿದರು. ರೂಢಿಯಿಂದ ಬರಿಗಾಲಿನಲ್ಲಿ ಓಡುವವರು ಹೆಚ್ಚಾಗಿ ಪಾದದ ಮುಂಭಾಗವನ್ನು ಮೊದಲು ಊರುತ್ತಾರೆ. ಪಾದರಕ್ಷೆಯವರು ಹೆಚ್ಚಾಗಿ ಹಿಮ್ಮಡಿಯನ್ನು ಊರುತ್ತಾರೆ. ಮುಂಭಾಗವನ್ನು ಊರಿದಾಗ ನೆಲ ತಾಗಿದ ಕ್ಷಣದ ಬಡಿತವು ಹಿಮ್ಮಡಿಯವರ ಬಡಿತದ ಮೂರನೆಯ ಒಂದು ಪಾಲಿನಷ್ಟು ಮಾತ್ರ ಇರುತ್ತದೆ ಎಂಬುದು ಅದರ ಸಾರಾಂಶ. ಇದರಿಂದ ಪೆಟ್ಟು ಕಡಿಮೆಯಾಗುವುದೇ ಎಂಬುದನ್ನು ತಾವು ಪರೀಕ್ಷಿಸಿಲ್ಲವೆಂದು ಆ ಸಂಶೋಧಕರೇ ಹೇಳಿದ್ದರು. ಓದುಗರ ಮನಸ್ಸಿನಲ್ಲಿ ನಿಂತುದು ಬಡಿತದ ಅಂಕಿಯೇ ಹೊರತು ಈ ಎಚ್ಚರಿಕೆಯ ಮಾತಲ್ಲ.

ಎರಡನೆಯ ಬಲವು ಕಥನದ ಕಡೆಯದು. ಮೆಕ್‌ಡೂಗಲರ ಗ್ರಂಥದ ನಾಯಕರು ಮೆಕ್ಸಿಕೋ ದೇಶದ ಕಣಿವೆಗಳಲ್ಲಿ ವಾಸಿಸುವ ತಾರಾಹುಮಾರ ಜನ; ತಮ್ಮನ್ನು ತಾವು ರಾರಾಮುರಿ ಎಂದು ಕರೆದುಕೊಳ್ಳುವವರು. ಇವರಲ್ಲಿ ಬಹುದೂರದ ಓಟಗಾರರುಂಟೆಂಬುದು ನಿಜ. ೧೯೯೩ರಲ್ಲಿ ಅಮೆರಿಕದ ಲೆಡ್‌ವಿಲ್ ಎಂಬ ಪರ್ವತನಗರದಲ್ಲಿ ನಡೆದ ನೂರು ಮೈಲಿಗಳ ಓಟವನ್ನು ಐವತ್ತೈದು ವರ್ಷದ ವಿಕ್ಟೋರಿಯಾನೋ ಚುರ್ರೋ ಗೆದ್ದನು; ಮರುವರ್ಷ ತರುಣನಾದ ಹುವಾನ್ ಹೆರ್ರೇರ ಗೆದ್ದನು. ಆದರೆ ತಾರಾಹುಮಾರರು ಬರಿಗಾಲಿನವರೆಂದು ಹೇಳುವುದು ಸರಿಯಲ್ಲ. ಅವರು ತೊಡುವುದು ಹುವರಾಚೆ ಎಂಬ ಬಾರುಗಳ ಚಡಾವನ್ನು. ಅದರ ಅಟ್ಟೆಯನ್ನು ಈಗ ಹಳೆಯ ಮೋಟಾರು ಟೈರಿನಿಂದ ಕತ್ತರಿಸುತ್ತಾರೆ. ಆದಿಮಾನವನ ಪಾದವೆಂದು ಓದುಗರು ಕಂಡುದರ ಕೆಳಗೆ ಕಾರ್ಖಾನೆಯ ರಬ್ಬರು ಇತ್ತು. ಲೀಬರ್‌ಮನ್ನರೂ ಸಂಗಡಿಗರೂ ೨೦೨೦ರಲ್ಲಿ ಇದೇ ಜನರ ಓಟದ ಸಂಸ್ಕೃತಿಯನ್ನು ಕುರಿತು ಬರೆಯುತ್ತ, ಅವರನ್ನು ನಾಗರಿಕತೆ ಸೋಂಕದ ಸಹಜ ಓಟಗಾರರೆಂದು ಬಣ್ಣಿಸುವುದು ಭ್ರಾಂತಿಯೆಂದು ಸ್ಪಷ್ಟವಾಗಿ ಹೇಳಿದರು. ತಾರಾಹುಮಾರರೂ ಕಷ್ಟಪಟ್ಟೇ ಓಡುತ್ತಾರೆ. ಅವರ ಓಟಕ್ಕೆ ಬೇಟೆ, ಪಂದ್ಯ, ಕುಣಿತ, ದುಡಿಮೆಗಳ ಹಿನ್ನೆಲೆಯಿದೆ. ಅದನ್ನು ಬಿಟ್ಟು ಅವರ ಚಡಾವನ್ನು ಮಾತ್ರ ಎತ್ತಿಕೊಂಡು ಹೋಗುವುದು ಸಾಧ್ಯವಿಲ್ಲ.

ಅನಂತರ ವ್ಯಾಪಾರವೂ ಬಂತು. ಐದು ಬೆರಳುಗಳಿಗೂ ಬೇರೆಬೇರೆ ಕೋಶಗಳಿದ್ದ, ತೆಳುವಾದ ರಬ್ಬರಿನ ತೊಡಿಗೆಯನ್ನು ವಿಬ್ರಾಮ್ ಎಂಬ ಇಟಲಿಯ ಸಂಸ್ಥೆಯು ೨೦೦೫ರ ಸುಮಾರಿಗೆ ಮಾರಾಟಕ್ಕೆ ತಂದಿತ್ತು. ೨೦೦೯ರ ಬಳಿಕ ಅದಕ್ಕೆ ಬೇಡಿಕೆ ಏರಿತು. ಪಾದರಕ್ಷೆ ಬೇಡವೆಂಬ ಸಿದ್ಧಾಂತವೇ ಹೊಸ ಪಾದರಕ್ಷೆಯ ಮಾರಾಟಕ್ಕೆ ಕಾರಣವಾಯಿತು. ಆರೋಗ್ಯಕ್ಕೆ ಸಂಬಂಧಿಸಿದಂತೆ ಆಧಾರವಿಲ್ಲದ ಪ್ರಚಾರ ಮಾಡಿತೆಂಬ ಆರೋಪದ ಮೇಲೆ ೨೦೧೨ರಲ್ಲಿ ಅಮೆರಿಕದಲ್ಲಿ ಆ ಸಂಸ್ಥೆಯ ವಿರುದ್ಧ ದಾವೆಯಾಯಿತು. ೨೦೧೪ರಲ್ಲಿ ಸಂಸ್ಥೆಯು ೩೭ ಲಕ್ಷ ೫೦ ಸಾವಿರ ಡಾಲರುಗಳನ್ನು ಕೊಡಲು ಒಪ್ಪಿ ರಾಜಿಯಾಯಿತು, ತಪ್ಪನ್ನು ಒಪ್ಪಿಕೊಳ್ಳಲಿಲ್ಲ. ಅಲೆ ಅಲ್ಲಿಂದ ಇಳಿಯತೊಡಗಿತು. ಓಟಗಾರರು ಅನಂತರ ದಪ್ಪನೆಯ ಮೆತ್ತೆಗಳಿಗೆ ಒಲಿದರು. ೨೦೨೦ರಲ್ಲಿ ಜಾಗತಿಕ ಕ್ರೀಡಾಮಂಡಲಿಯು ರಸ್ತೆಯ ಓಟದ ಪಾದರಕ್ಷೆಯ ಅಟ್ಟೆ ೪೦ ಮಿಲಿಮೀಟರುಗಳನ್ನು ಮೀರಕೂಡದೆಂದು ನಿಯಮ ಮಾಡಬೇಕಾಯಿತು.

೬

ಈಗ ಮುಖ್ಯವಾದ ಪ್ರಶ್ನೆಗೆ ಬರಬಹುದು. ಬರಿಗಾಲಿನಿಂದ ಗುಣ ಹೊಂದಿದೆವೆಂದು ಸಾವಿರಾರು ಜನ ಬರೆದುದು ಸುಳ್ಳೇ? ಸುಳ್ಳೆಂದು ತಳ್ಳಿಹಾಕುವುದು ಸುಲಭ, ಆದರೆ ನ್ಯಾಯವಲ್ಲ. ವರ್ಷಗಟ್ಟಲೆ ಓಡಲಾರದೆ ಇದ್ದವನು ಮರಳಿ ಓಡಿದನೆಂದರೆ ಅದು ಅವನ ಬಾಳಿನ ಸತ್ಯ. ಚರಿತ್ರಕಾರನು ವಿಚಾರಿಸತಕ್ಕದ್ದು ಬೇರೆ: ಆ ಸಾಕ್ಷ್ಯವು ಯಾವುದಕ್ಕೆ ಸಾಕ್ಷ್ಯ?

ಮೊದಲನೆಯದಾಗಿ, ಇಂತಹ ಸ್ವಾನುಭವಕಥನಗಳನ್ನು ಬರೆಯುವವರು ಗೆದ್ದವರು. ಪಾದರಕ್ಷೆಯನ್ನು ಕಳಚಿ, ಎರಡು ವಾರಗಳಲ್ಲಿ ಮೀನಖಂಡ ಹಿಡಿದುಕೊಂಡು ಸುಮ್ಮನಾದವನು ಗ್ರಂಥ ಬರೆಯುವುದಿಲ್ಲ. ಶಾಸನವನ್ನು ಹಾಕಿಸಿದವನು ಗೆದ್ದ ಅರಸನೆಂಬುದನ್ನು ಅರಿತ ನಮ್ಮ ವಿದ್ಯಾರ್ಥಿಗಳಿಗೆ ಈ ಮಾತನ್ನು ವಿವರಿಸಬೇಕಾಗಿಲ್ಲ. ಬರೆಯದವರ ಪಾಡನ್ನು ತಿಳಿಯಲು ಬೇರೆ ಆಧಾರಗಳಿಗೆ ಹೋಗಬೇಕು. ೨೦೧೩ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಅನುಭವಸ್ಥರಾದ ೩೬ ಮಂದಿ ಓಟಗಾರರನ್ನು ಹತ್ತು ವಾರಗಳ ಕಾಲ ಪರೀಕ್ಷಿಸಲಾಯಿತು. ತೆಳುವಾದ ಬೆರಳುತೊಡಿಗೆಗೆ ಕ್ರಮವಾಗಿ ಬದಲಾದ ೧೯ ಮಂದಿಯಲ್ಲಿ ೧೦ ಮಂದಿಯ ಪಾದದ ಮೂಳೆಗಳ ಮಜ್ಜೆಯಲ್ಲಿ ಬಾವಿನ ಚಿಹ್ನೆಗಳು ಹೆಚ್ಚಿದುವು. ಇವು ಮೂಳೆಯ ಮೇಲೆ ಮಿತಿಮೀರಿದ ಹೊರೆ ಬಿದ್ದುದರ ಮೊದಲ ಗುರುತುಗಳು. ಪಾದದ ಮುಂಭಾಗವನ್ನು ಊರಿದಾಗ ಮಂಡಿಗೆ ತಗಲುವ ಹೊರೆ ಇಳಿಯುತ್ತದೆ. ಆದರೆ ಆ ಹೊರೆ ಮಾಯವಾಗುವುದಿಲ್ಲ, ಮೀನಖಂಡಕ್ಕೂ ಹಿಮ್ಮಡಿಯ ಮೇಲಣ ಸ್ನಾಯುಬಂಧಕ್ಕೂ ಪಾದದ ಸಣ್ಣ ಮೂಳೆಗಳಿಗೂ ವರ್ಗವಾಗುತ್ತದೆ. ಮಂಡಿ ನೊಂದವನಿಗೆ ಇದರಿಂದ ಸುಖ ಸಿಗಬಹುದು. ಮೀನಖಂಡ ನೊಂದವನಿಗೆ ಹಾನಿಯಾಗಬಹುದು.

ಎರಡನೆಯದಾಗಿ, ಬರಿಗಾಲಿನವರೆಲ್ಲರೂ ಒಂದೇ ವಿಧವಾಗಿ ಹೆಜ್ಜೆಯೂರುತ್ತಾರೆಂಬುದೂ ನಿಲ್ಲಲಿಲ್ಲ. ಉತ್ತರ ಕೀನ್ಯದ ದಾಸನಾಚ್ ಜನರು ಜೀವಮಾನವೆಲ್ಲ ಬರಿಗಾಲಿನಲ್ಲಿ ನಡೆಯುವವರು. ಅವರಲ್ಲಿ ೩೮ ಮಂದಿಯನ್ನು ಪರೀಕ್ಷಿಸಿ ೨೦೧೩ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ತಮಗೆ ಹಿತವಾದ ದೂರದೋಟದ ವೇಗದಲ್ಲಿ ಓಡುವಾಗ ನೂರಕ್ಕೆ ೭೨ರಷ್ಟು ಸಲ ಅವರು ಊರಿದುದು ಹಿಮ್ಮಡಿಯನ್ನೇ. ಈ ಸಂದರ್ಭದಲ್ಲಿ ನಮ್ಮ ಕರಾವಳಿಯ ಕಂಬಳವನ್ನು ನೆನೆಯುವುದು ಉಚಿತ. ಕೆಸರುಗದ್ದೆಯಲ್ಲಿ ಕೋಣಗಳ ಹಿಂದೆ ಬರಿಗಾಲಿನಲ್ಲಿ ಓಡುವ ಶ್ರೀನಿವಾಸ ಗೌಡರು ೨೦೨೦ರ ಫೆಬ್ರುವರಿಯಲ್ಲಿ ೧೪೨.೫ ಮೀಟರುಗಳನ್ನು ೧೩.೬೨ ಸೆಕೆಂಡುಗಳಲ್ಲಿ ಮುಗಿಸಿದರೆಂಬ ವರದಿ ದೇಶವನ್ನೆಲ್ಲ ಬೆರಗುಗೊಳಿಸಿತು. ಅವರನ್ನು ಓಟದಂಕಣಕ್ಕೆ ಕರೆದಾಗ, ಕಂಬಳದಲ್ಲಿ ಹಿಮ್ಮಡಿಯ ಬಲದಿಂದ ಓಡುತ್ತೇವೆ, ಅಂಕಣದಲ್ಲಿ ಕಾಲ್ಬೆರಳುಗಳ ಬಲದಿಂದ ಓಡುತ್ತಾರೆ, ಅದೂ ಇದೂ ಬೇರೆ, ಇಲ್ಲಿ ಕೋಣಗಳ ಪಾಲೂ ಉಂಟು ಎಂಬ ಅರ್ಥದ ಉತ್ತರವನ್ನು ಕೊಟ್ಟರು. ತನ್ನ ವಿದ್ಯೆಯ ಎಲ್ಲೆಯನ್ನು ಬಲ್ಲವನ ಮಾತು ಅದು. ನೆಲ, ವೇಗ, ಅಭ್ಯಾಸಗಳು ಹೆಜ್ಜೆಯನ್ನು ನಿರ್ಣಯಿಸುತ್ತವೆ. ಪಾದರಕ್ಷೆ ಇದೆಯೋ ಇಲ್ಲವೋ ಎಂಬುದು ಅವುಗಳ ಜೊತೆಗೆ ಸೇರಿದ ಒಂದು ಅಂಶ ಮಾತ್ರ.

ಮೂರನೆಯದು ಎಲ್ಲಕ್ಕಿಂತ ಮುಖ್ಯವಾದುದು. ೨೦೧೬ರಲ್ಲಿ ಆಲಿಸನ್ ಆಲ್ಟ್‌ಮನ್ ಮತ್ತು ಐರೀನ್ ಡೇವಿಸ್ ಎಂಬ ವಿದುಷಿಯರು ೨೦೧ ಮಂದಿ ಓಟಗಾರರನ್ನು ಒಂದು ವರ್ಷ ಅನುಸರಿಸಿ ಪಡೆದ ಫಲಿತಾಂಶವನ್ನು ಪ್ರಕಟಿಸಿದರು. ಇವರಲ್ಲಿ ೧೦೭ ಮಂದಿ ಬರಿಗಾಲಿನವರು, ೯೪ ಮಂದಿ ಪಾದರಕ್ಷೆಯವರು. ತಲೆಯೊಂದಕ್ಕೆ ಲೆಕ್ಕ ಹಾಕಿದರೆ ಬರಿಗಾಲಿನವರಿಗೆ ಆದ ಪೆಟ್ಟು ಕಡಿಮೆ. ಆದರೆ ಅವರು ಓಡಿದ ದೂರವೂ ಕಡಿಮೆ. ಓಡಿದ ದೂರಕ್ಕೆ ತಕ್ಕಂತೆ ಲೆಕ್ಕ ಹಾಕಿದಾಗ ಎರಡು ಗುಂಪುಗಳಿಗೂ ಗಣನೀಯವಾದ ವ್ಯತ್ಯಾಸ ಉಳಿಯಲಿಲ್ಲ. ಪೆಟ್ಟಿನ ಜಾಗ ಮಾತ್ರ ಬೇರೆ: ಬರಿಗಾಲಿನವರಿಗೆ ಮೀನಖಂಡದಲ್ಲಿ ಹೆಚ್ಚು, ಮಂಡಿ ಸೊಂಟಗಳಲ್ಲಿ ಕಡಿಮೆ.

ಈ ಫಲಿತಾಂಶದ ಬೆಳಕಿನಲ್ಲಿ ಮರಳಿ ಬ೦ದವರ ಕಥನಗಳನ್ನು ಮತ್ತೊಮ್ಮೆ ಓದಿದರೆ, ಅವುಗಳಲ್ಲಿ ಯಾವಾಗಲೂ ಇದ್ದು ಯಾರೂ ಮುಖ್ಯವೆಂದೆಣಿಸದ ಒಂದು ಸಂಗತಿ ಎದ್ದು ಕಾಣುತ್ತದೆ. ಪಾದರಕ್ಷೆಯನ್ನು ಕಳಚಿದವನು ಮೊದಲ ದಿನ ನೂರು ಗಜವನ್ನೂ ನೆಟ್ಟಗೆ ಓಡಲಾರನು. ಅಂಗಾಲಿನ ಚರ್ಮ ಒಪ್ಪುವುದಿಲ್ಲ. ಕಲ್ಲು ಚುಚ್ಚುತ್ತದೆ, ಬಿಸಿಲಿಗೆ ಕಾದ ರಸ್ತೆ ಸುಡುತ್ತದೆ. ಆದುದರಿಂದ ಅವನು ನೆಲವನ್ನು ನೋಡಿಕೊಂಡು, ಹೆಜ್ಜೆಯನ್ನು ಗಿಡ್ಡಮಾಡಿಕೊಂಡು, ಸ್ವಲ್ಪವೇ ಓಡಿ ನಿಲ್ಲುತ್ತಾನೆ. ನಾಳೆಯ ದಿನ ಕಾಲು ನೊಂದರೆ ಸುಮ್ಮನಿರುತ್ತಾನೆ. ತಿಂಗಳುಗಳು ಕಳೆದಂತೆ ಚರ್ಮ ಜಡ್ಡುಗಟ್ಟಿ, ಸ್ನಾಯು ಗಟ್ಟಿಯಾಗಿ, ದೂರ ಬೆಳೆಯುತ್ತದೆ. ಬವರ್‌ಮನ್ನರು ನ್ಯೂಜಿಲೆಂಡಿನಲ್ಲಿ ಕಂಡುದು ಇಂತಹ ಕ್ರಮವನ್ನೇ: ಓಡಬಲ್ಲಷ್ಟೇ ಓಡುವುದು, ಮೆಲ್ಲನೆ ಬೆಳೆಸುವುದು. ಆ ಜನ ಅದನ್ನು ಪಾದರಕ್ಷೆ ಧರಿಸಿಯೇ ಪಾಲಿಸಿದರು. ಮೆಕ್‌ಡೂಗಲರೂ ಕಣಿವೆಯ ಓಟಕ್ಕೆ ಮೊದಲು ಒಬ್ಬ ಗುರುವಿನ ಕೈಕೆಳಗೆ ತಿಂಗಳುಗಟ್ಟಲೆ ಕ್ರಮವಾಗಿ ಅಭ್ಯಾಸ ಮಾಡಿದರೆಂದು ಅವರ ಗ್ರಂಥವೇ ಹೇಳುತ್ತದೆ. ಓದಿದವರು ನೆನಪಿಟ್ಟುದು ಚಡಾವನ್ನು. ಮರೆತುದು ಆ ತಿಂಗಳುಗಳನ್ನು.

ಆದುದರಿಂದ ನಮ್ಮ ನಿರ್ಣಯ ಹೀಗೆ: ಮರಳಿ ಓಡಿದವರ ಮಾತು ನಿಜ, ಅವರು ಹೇಳಿದ ಕಾರಣ ಮಾತ್ರ ಅಪೂರ್ಣ. ಅವರನ್ನು ಗುಣಪಡಿಸಿದುದರಲ್ಲಿ ದೊಡ್ಡ ಪಾಲು ಮೊದಲಿನಿಂದ ತೊಡಗಿದ ಅಭ್ಯಾಸದ್ದು. ಮೆತ್ತನೆಯ ಪಾದರಕ್ಷೆ ಮರೆಮಾಡಿದ್ದ ಮಿತಿಯನ್ನು ಬರಿಯ ಅಂಗಾಲು ಕಠಿಣವಾಗಿ ನೆನಪಿಸಿತು. ಬೇರೆ ಯಾರು ಹೇಳಿದರೂ ಕೇಳದಿದ್ದ ಹಟಮಾರಿ ಓಟಗಾರನು ತನ್ನ ಅಂಗಾಲಿನ ಮಾತನ್ನು ಕೇಳಲೇಬೇಕಾಯಿತು. ಬರಿಗಾಲಿನ ನಿಜವಾದ ಗುಣ ಇದು. ಇದು ಸಣ್ಣ ಗುಣವೇನೂ ಅಲ್ಲ.

೭

ಈ ವಿಚಾರವು ದೂರದೇಶದವರ ಹವ್ಯಾಸಕ್ಕೆ ಸಂಬಂಧಿಸಿದುದೆಂದು ನಾವು ಉದಾಸೀನರಾಗಬಾರದು. ೨೦೦೮ರಿಂದ ಬೆಂಗಳೂರಿನಲ್ಲಿ ನಡೆಯುತ್ತ ಬಂದ ಹತ್ತು ಕಿಲೋಮೀಟರುಗಳ ದೊಡ್ಡ ಓಟದಂತಹ ಸ್ಪರ್ಧೆಗಳು ಓಟವನ್ನು ನಗರದ ಗೃಹಸ್ಥರ ಹವ್ಯಾಸವಾಗಿ ಮಾಡಿವೆ. ಬರಿಗಾಲಿನ ವಾದವೂ ಅದರೊಡನೆ ಇಲ್ಲಿಗೆ ಬಂದಿದೆ. ನಮ್ಮಲ್ಲಿ ಬರಿಗಾಲಿಗೆ ಮೊದಲೇ ಎರಡು ಅರ್ಥಗಳಿದ್ದುವು. ದೇವಾಲಯದ ಹೊಸ್ತಿಲಲ್ಲಿ ಅದು ಭಕ್ತಿ. ಹೊಲದ ಬದುವಿನಲ್ಲಿ ಬಹುಕಾಲ ಅದು ಬಡತನ. ಈಗ ಬಂದಿರುವ ಮೂರನೆಯ ಅರ್ಥವು ನಮ್ಮ ಹಳೆಯ ರೂಢಿಯಿಂದ ಹುಟ್ಟಿದುದಲ್ಲ, ಹೊರಗಿನಿಂದ ಬಂದುದು. ಆದರೂ ಅದನ್ನು ನಮ್ಮ ಪೂರ್ವಿಕರ ಜ್ಞಾನವೆಂದು ಹೇಳಿಕೊಳ್ಳುವ ಚಾಪಲ್ಯ ನಮಗೆ ಉಂಟಾಗುವುದು ಸಹಜ. ಹೊಲದ ದುಡಿಮೆಗಾರನಿಗೆ ಬರಿಗಾಲು ಆಯ್ಕೆಯಾಗಿರಲಿಲ್ಲ. ಮುಳ್ಳು, ಹಾವು, ಕೊಕ್ಕೆಹುಳುಗಳ ಭಯವೂ ಅದರ ಜೊತೆಗಿತ್ತು. ಅವನ ಅನಿವಾರ್ಯವನ್ನು ನಮ್ಮ ಔಷಧವೆಂದು ಕರೆಯುವಾಗ ಇದನ್ನು ಮರೆಯತಕ್ಕದ್ದಲ್ಲ.

ನಮ್ಮ ಕಾಲೇಜುಗಳ ಮೈದಾನಗಳಲ್ಲಿ ಓಡಿ ಪೆಟ್ಟು ತಿಂದು ಕುಳಿತ ವಿದ್ಯಾರ್ಥಿಗೆ ಇಂದು ಎರಡು ಸಲಹೆಗಳು ದೊರೆಯುತ್ತವೆ. ಬೆಲೆಯುಳ್ಳ ಪಾದರಕ್ಷೆಯನ್ನು ಕೊಳ್ಳು ಎಂಬುದೊಂದು. ಪಾದರಕ್ಷೆಯನ್ನೇ ಎಸೆ ಎಂಬುದೊಂದು. ಮೊದಲನೆಯದು ಅನೇಕರ ಕೈಗೆ ಎಟುಕದು. ಎರಡನೆಯದು ಖರ್ಚಿಲ್ಲದ್ದೆಂದು ಆಕರ್ಷಕವಾಗಿ ಕಂಡರೂ, ಆತುರದಿಂದ ಅನುಸರಿಸಿದವನ ಪಾದದ ಮೂಳೆಗೆ ಅದರ ಬೆಲೆ ತಗಲಬಹುದು. ಇವೆರಡೂ ವಸ್ತುವನ್ನು ಕುರಿತ ಸಲಹೆಗಳು. ಪಾದರಕ್ಷೆ ಧರಿಸಿ ಟೋಕಿಯೋದಲ್ಲಿ ಗೆದ್ದ ಬಿಕಿಲ, ಟೈರಿನ ಅಟ್ಟೆಯ ಮೇಲೆ ಓಡುವ ತಾರಾಹುಮಾರರು, ಹುಲ್ಲಿನ ಮೇಲೆ ಬೆಳೆದ ಜೋಲಾ ಬಡ್, ಇವರಿಗೆ ಸಮಾನವಾಗಿದ್ದುದು ಕಾಲಿಗೆ ತೊಟ್ಟ ವಸ್ತುವಲ್ಲ, ಬಹುಕಾಲದ ಅಭ್ಯಾಸ. ಹುಲ್ಲಿನ ಮೈದಾನವಿದ್ದರೆ ಕೆಲವು ನಿಮಿಷ ಬರಿಗಾಲಿನಲ್ಲಿ ಓಡಿ ನೋಡುವುದರಲ್ಲಿ ದೋಷವಿಲ್ಲ. ವೈದ್ಯರ ಅನುಮತಿಯಿದ್ದು, ಸ್ವಲ್ಪಸ್ವಲ್ಪವಾಗಿ ಬೆಳೆಸಿಕೊಂಡು ಹೋಗುವ ತಾಳ್ಮೆಯಿದ್ದರೆ ಅದರಿಂದ ಪ್ರಯೋಜನವೂ ಆಗಬಹುದು. ಆ ತಾಳ್ಮೆಯಿಲ್ಲದವನನ್ನು ಪಾದರಕ್ಷೆಯೂ ಕಾಯದು, ಬರಿಗಾಲೂ ಕಾಯದು.